ನಾಡದೋಣಿಗೆ ಫಿಶ್ ಫೈಂಡರ್, ಜಿಪಿಎಸ್ ಎರಡೂ ಒಂದೇ ಡಬ್ಬಿಯಲ್ಲಿ: ಯಾವುದು ತಗೊಳ್ಳೋದು?

ಅಳಿವೆಬಾಗಿಲು

28 ಅಡಿಯ ಫೈಬರ್ ನಾಡದೋಣಿ, 9.9 ಎಚ್‌ಪಿ ಔಟ್‌ಬೋರ್ಡ್, ಹಗ್ಗ ಎಳೆದು ಸ್ಟಾರ್ಟ್ ಮಾಡುವಂಥದ್ದು. ಗಂಗೊಳ್ಳಿ ಅಳಿವೆ ದಾಟಿ 5ರಿಂದ 20 ಮಾರು ಆಳದಲ್ಲಿ ಕಂತುಬಲೆ (ನೀರಿನಲ್ಲಿ ಪರದೆಯಂತೆ ನಿಲ್ಲುವ ಬಲೆ), ಕೆಲವು ತಿಂಗಳು ಗಾಳ. ಮಳೆಗಾಲದಲ್ಲಿ ದೋಣಿಯನ್ನು ಮರಳಿಗೆ ಎಳೆಯಬೇಕಾಗುತ್ತದೆ, ಹಾಗಾಗಿ ತಳಕ್ಕೆ ತೂತು ಕೊರೆಯುವ ಹಾಗಿಲ್ಲ.

ಫಿಶ್ ಫೈಂಡರ್ (ಶಬ್ದದ ಪ್ರತಿಧ್ವನಿಯಿಂದ ಆಳ, ಮೀನು ತೋರಿಸುವ ಯಂತ್ರ) ಕೇಳಿದರೆ ಅಂಗಡಿಯಲ್ಲಿ 9 ಇಂಚಿನ ಸ್ಕ್ರೀನಿನ, 1 ಕಿಲೋವ್ಯಾಟ್‌ನದ್ದನ್ನೇ ತಗೊಳ್ಳಿ ಅನ್ನುತ್ತಾರೆ. ಆನ್‌ಲೈನಿನಲ್ಲಿ 5 ಇಂಚಿನದು ಅದರ ಕಾಲು ಭಾಗ ಬೆಲೆಗೆ ಸಿಗುತ್ತದೆ, ಡೌನ್ ಸ್ಕ್ಯಾನ್ (ತಳವನ್ನು ಫೋಟೋದ ಹಾಗೆ ತೋರಿಸುವುದು) ಕೂಡ ಇದೆಯಂತೆ. ನಮ್ಮ ಆಳಕ್ಕೆ ಎಷ್ಟು ವ್ಯಾಟ್ ಸಾಕು? ಸೆನ್ಸರ್ ಎಲ್ಲಿ ಕೂರಿಸುವುದು? ಎಂಜಿನ್‌ನಿಂದ ಚಾರ್ಜಿಂಗ್ ಇಲ್ಲದೆ ಬ್ಯಾಟರಿ ದಿನವಿಡೀ ಬರುತ್ತದೆಯೇ? ಎರಡೂ ಒಂದರಲ್ಲೇ ಇದ್ದರೆ ಒಳ್ಳೆಯದೋ, ಬೇರೆ ಬೇರೆಯೋ?

ಹತ್ತು_ಮಾರು

ಸ್ಕ್ರೀನ್ ಎಷ್ಟು ಇಂಚು ಅನ್ನುವುದನ್ನು ಕೊನೆಗೆ ಇಟ್ಟುಕೊಳ್ಳಿ ಮಾರಾಯ್ರೆ. ಮೊದಲು ಟ್ರಾನ್ಸ್‌ಡ್ಯೂಸರ್, ಅಂದರೆ ನೀರಿಗೆ ಶಬ್ದ ಬಿಟ್ಟು ಪ್ರತಿಧ್ವನಿ ಕೇಳುವ ಸೆನ್ಸರ್, ಯಾವುದೆಂದು ತೀರ್ಮಾನವಾಗಬೇಕು. ಡಬ್ಬಿ ಎಷ್ಟೇ ದುಬಾರಿಯದಾದರೂ ನೀರಿನೊಳಗಿರುವ ಆ ತುಂಡಿಗೆ ಕೇಳಿಸದ್ದು ಸ್ಕ್ರೀನಿಗೆ ಬರುವುದಿಲ್ಲ.

20 ಮಾರು ಅಂದರೆ ಸುಮಾರು 36 ಮೀಟರ್. ಅಷ್ಟು ಆಳಕ್ಕೆ 200 ಕಿಲೋಹರ್ಟ್ಸ್‌ನಲ್ಲಿ (ಇದು ಶಬ್ದದ ಆವರ್ತನ) 300 ವ್ಯಾಟ್ ಇದ್ದರೂ ತಳ ಸ್ಪಷ್ಟ. 600 ಇದ್ದರೆ ಕೈಯಲ್ಲಿ ಸ್ವಲ್ಪ ಉಳಿಕೆ ಇದ್ದ ಹಾಗೆ. 1 ಕಿಲೋವ್ಯಾಟ್, 50 ಕಿಲೋಹರ್ಟ್ಸ್ ಇವೆಲ್ಲ ಆಳಸಮುದ್ರದ ಟ್ರಾಲ್ ಬೋಟಿನವರ ಲೆಕ್ಕ. ಅದರ ಟ್ರಾನ್ಸ್‌ಡ್ಯೂಸರ್ ದೊಡ್ಡದು, ಭಾರ, ನಿಮ್ಮ ದೋಣಿಯಲ್ಲಿ ಕೂರಿಸಲು ಜಾಗವೂ ಇರುವುದಿಲ್ಲ.

ಕೋನದ ಲೆಕ್ಕ ನೋಡಿ. 200 ಕಿಲೋಹರ್ಟ್ಸ್‌ನ ಕಿರಣ ಸುಮಾರು 12 ಡಿಗ್ರಿ ಅಂದುಕೊಂಡರೆ, 30 ಮೀಟರ್ ಆಳದಲ್ಲಿ ಅದು ನೋಡುವುದು 6 ಮೀಟರ್ ಅಗಲದ ವೃತ್ತ. 50 ಕಿಲೋಹರ್ಟ್ಸ್‌ನಲ್ಲಿ 45 ಡಿಗ್ರಿ ಅಂದರೆ ಅದೇ ಆಳದಲ್ಲಿ 25 ಮೀಟರ್. ಅಗಲ ಹೆಚ್ಚಿದ್ದರೆ ಮೀನು ಹೆಚ್ಚು ಕಾಣುತ್ತದೆ, ನಿಜ. ಆದರೆ ಅದು ದೋಣಿಯ ಅಡಿಯಲ್ಲಿದೆಯೋ, ಹತ್ತು ಮೀಟರ್ ಪಕ್ಕದಲ್ಲಿದೆಯೋ ಗೊತ್ತಾಗುವುದಿಲ್ಲ. ಪಾದೆಯ (ತಳದ ಬಂಡೆಯ) ಅಂಚು ಕೂಡ ಮಸುಕಾಗಿ ಬರುತ್ತದೆ. ಬೂತಾಯಿ, ಬಂಗುಡೆಯ ಗುಂಪು ಎಲ್ಲಾದರೂ ಇದೆಯಾ ಎಂದು ಹುಡುಕಲು ಅಗಲದ ಕೋನ. ಪಾದೆಯ ಮೇಲೆ ಗಾಳ ಇಳಿಸಲು ಕಿರಿದಾದದ್ದು. ಎರಡೂ ಕೆಲಸ ಇದ್ದರೆ 50/200 ಎರಡೂ ಇರುವ 600 ವ್ಯಾಟ್‌ನದ್ದು, ಇಲ್ಲವೇ ಚರ್ಪ್ (ಒಂದೇ ಆವರ್ತನದ ಬದಲು ಹಲವು ಆವರ್ತನ ಸಾಲಾಗಿ ಬಿಡುವ ರೀತಿ) ಇರುವುದು.

ಚರ್ಪ್ ಅನ್ನುವುದು ಬರೀ ಜಾಹೀರಾತಿನ ಮಾತಲ್ಲ. ಹಳೆಯ ರೀತಿಯ ಯಂತ್ರ 1 ಮಿಲಿಸೆಕೆಂಡ್‌ನ ಪಲ್ಸ್ ಬಿಟ್ಟರೆ, ಒಂದರ ಮೇಲೊಂದು 75 ಸೆಂಟಿಮೀಟರ್ ಒಳಗಿರುವ ಎರಡು ವಸ್ತುಗಳು ಒಂದೇ ಗೆರೆಯಾಗಿ ಕಾಣುತ್ತವೆ. ತಳದಿಂದ ಎರಡಡಿ ಮೇಲಿರುವ ಮೀನು ತಳಕ್ಕೆ ಅಂಟಿಕೊಂಡು ಮಾಯ. ಪಲ್ಸ್ 0.1 ಮಿಲಿಸೆಕೆಂಡ್ ಆದರೆ ಆ ಅಂತರ ಏಳೆಂಟು ಸೆಂಟಿಮೀಟರಿಗೆ ಇಳಿಯುತ್ತದೆ, ಚರ್ಪ್‌ನಲ್ಲಿ ಇನ್ನೂ ಕಡಿಮೆ. ತಳದ ಮೀನಿಗೆ ಹೋಗುವವರಿಗೆ ಇದರಿಂದ ನಿಜವಾಗಿ ಪ್ರಯೋಜನ ಇದೆ.

ಡೌನ್ ಸ್ಕ್ಯಾನ್ 455 ಅಥವಾ 800 ಕಿಲೋಹರ್ಟ್ಸ್‌ನದು. ಚಿತ್ರ ಚಂದ, ಪಾದೆ, ಮುಳುಗಿದ ಮರ ಎಲ್ಲ ಫೋಟೋ ತೆಗೆದ ಹಾಗೆ. ಆದರೆ ಕಲಕಿದ ನೀರಿನಲ್ಲಿ ಬೇಗ ಸೋಲುತ್ತದೆ. ಅದೊಂದೇ ಇರುವ ಯಂತ್ರ ಬೇಡ, ಜೊತೆಗೆ 200 ಇರಲೇಬೇಕು.

ಇನ್ನು ಕೂರಿಸುವ ಜಾಗ. ಹಿಂಬದಿ ಹಲಗೆ ಚಪ್ಪಟೆ ಇದ್ದರೆ ಟ್ರಾನ್ಸಮ್ ಬ್ರಾಕೆಟ್. ಪ್ರೊಪೆಲ್ಲರ್‌ನಿಂದ ಕನಿಷ್ಠ ಒಂದೂಕಾಲು ಅಡಿ ದೂರ, ಬಲಕ್ಕೆ ತಿರುಗುವ ಪ್ರೊಪೆಲ್ಲರ್ ಆದರೆ ಬಲಬದಿಗೆ. ಆ ಬದಿಯಲ್ಲಿ ರೆಕ್ಕೆ ಕೆಳಮುಖ ಹೋಗುವುದರಿಂದ ಗುಳ್ಳೆ ಕಡಿಮೆ. ನೇರ ದೋಣಿಗೆ ಸ್ಕ್ರೂ ಹಾಕಬೇಡಿ. ಮೊದಲು ಒಂದು ಪ್ಲಾಸ್ಟಿಕ್ ಹಲಗೆ ಕೂರಿಸಿ, ಸ್ಕ್ರೂ ಎಲ್ಲ ಅದಕ್ಕೆ ಹಾಕಿ. ಜಾಗ ಬದಲಿಸಿದಾಗಲೆಲ್ಲ ದೋಣಿಗೆ ಹೊಸ ತೂತು ಬೀಳುವುದಿಲ್ಲ. ಬ್ರಾಕೆಟ್ ಏನಾದರೂ ತಾಗಿದರೆ ಮೇಲಕ್ಕೆ ಮಡಚುವಂಥದ್ದಿರಲಿ. ಆದರೂ ಮರಳಿಗೆ ಎಳೆಯುವ ಮುಂಚೆ ಬಿಚ್ಚಿಡುವುದೇ ಕ್ಷೇಮ.

ಅದಕ್ಕಿಂತ ಸುಲಭ: ಒಂದೂಕಾಲು ಇಂಚಿನ ಪೈಪಿನ ತುದಿಗೆ ಟ್ರಾನ್ಸ್‌ಡ್ಯೂಸರ್ ಕಟ್ಟಿ, ದೋಣಿಯ ಬದಿಗೆ ಕ್ಲಾಂಪ್ ಹಾಕುವುದು. ಮುಖ ನೀರಿನೊಳಗೆ ಒಂದಡಿ ಇರಲಿ. ಬಲೆ ಬಿಡುವಾಗ, ಎಳೆಯುವಾಗ ಎತ್ತಿಬಿಡಿ, ಇಲ್ಲದಿದ್ದರೆ ಕಂತುಬಲೆ ಮೊದಲು ಹಿಡಿಯುವುದು ಅದನ್ನೇ.

ತಂತಿ_ಫ್ಯೂಸು

ತೂತು ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ. ಟ್ರಾನ್ಸ್‌ಡ್ಯೂಸರನ್ನು ದೋಣಿಯ ಒಳಗಿಂದಲೇ ತಳಕ್ಕೆ ಎಪಾಕ್ಸಿಯಲ್ಲಿ ಅಂಟಿಸುವುದು. ಇದು ಗಟ್ಟಿ ಫೈಬರಿಗೆ ಮಾತ್ರ. ಮರ, ಕಬ್ಬಿಣ, ನಡುವೆ ಫೋಮ್ ಅಥವಾ ಪ್ಲೈ ಇರುವ ಫೈಬರ್ ಇದ್ದಲ್ಲಿ ಆಗುವುದಿಲ್ಲ. ಅಂಟಿನೊಳಗೆ ಒಂದು ಗಾಳಿಗುಳ್ಳೆ ಉಳಿದರೂ ಶಬ್ದ ಅಲ್ಲೇ ನಿಲ್ಲುತ್ತದೆ. ಸರಿಯಾಗಿ ಅಂಟಿದರೂ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಫೈಬರನ್ನು ದಾಟಬೇಕಾದ್ದರಿಂದ ಶಕ್ತಿ ಸ್ವಲ್ಪ ಸೋರುತ್ತದೆ. ಹೀಗೆ ಮಾಡುವುದಾದರೆ 600 ವ್ಯಾಟ್‌ಗಿಂತ ಕಡಿಮೆ ಬೇಡ. ಡೌನ್ ಸ್ಕ್ಯಾನ್ ಮತ್ತು ನೀರಿನ ಉಷ್ಣತೆಯ ಓದು ಎರಡನ್ನೂ ಮರೆತುಬಿಡಿ.

ಅಂಟಿಸುವ ಮುಂಚೆ ಪರೀಕ್ಷೆ ಮಾಡಿ. ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ, ಟ್ರಾನ್ಸ್‌ಡ್ಯೂಸರ್ ಅದರೊಳಗಿಟ್ಟು ತಳಕ್ಕೆ ಒತ್ತಿ ಹಿಡಿಯಿರಿ. ಚೀಲದ ಹೊರಗೂ ಸ್ವಲ್ಪ ನೀರಿರಲಿ. ದೋಣಿ ನೀರಿನಲ್ಲಿದ್ದಾಗ ಆಳ ಸರಿಯಾಗಿ ತೋರಿಸಿದ ಜಾಗವೇ ಅಂಟಿಸುವ ಜಾಗ.

ಬ್ಯಾಟರಿ: 7 ಇಂಚಿನ ಕಾಂಬೋ (ಫಿಶ್ ಫೈಂಡರ್, ಜಿಪಿಎಸ್ ಎರಡೂ ಇರುವ ಡಬ್ಬಿ) ಬೆಳಕು ಪೂರ್ತಿ ಇಟ್ಟರೆ 1ರಿಂದ 1.5 ಆಂಪಿಯರ್ ತಿನ್ನುತ್ತದೆ. 10 ಗಂಟೆಗೆ ಹೆಚ್ಚೆಂದರೆ 15 ಆಂಪಿಯರ್-ಅವರ್. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯಸ್ಸು ಕಮ್ಮಿಯಾಗುತ್ತದೆ, ಹಾಗಾಗಿ 12 ವೋಲ್ಟ್, 35 ಆಂಪಿಯರ್-ಅವರ್‌ನದ್ದು ಇಟ್ಟು ರಾತ್ರಿ ದಡದಲ್ಲಿ ಚಾರ್ಜ್ ಮಾಡಿ. 9 ಇಂಚಾದರೆ ಲೆಕ್ಕ ಇನ್ನೂ ಮೇಲೆ ಹೋಗುತ್ತದೆ. ಚಾರ್ಜಿಂಗ್ ಇಲ್ಲದ ದೋಣಿಗೆ 9 ಇಂಚು ಬೇಡ ಅನ್ನಲು ನನಗೆ ಈ ಒಂದು ಕಾರಣ ಸಾಕು.

ಫ್ಯೂಸ್ ಬ್ಯಾಟರಿಯ ಪ್ಲಸ್ ಕಂಬದಿಂದ ಒಂದು ಗೇಣಿನೊಳಗೆ ಇರಬೇಕು, ಡಬ್ಬಿಯ ಹತ್ತಿರ ಅಲ್ಲ. ಎಷ್ಟು ಆಂಪಿಯರ್ ಅನ್ನುವುದನ್ನು ಕೈಪಿಡಿ ನೋಡಿ ಹಾಕಿ. ತಂತಿ ತವರ ಲೇಪಿಸಿದ ತಾಮ್ರದ್ದು. ಮನೆಯ ವೈರಿಂಗ್ ತಂತಿ ಉಪ್ಪುನೀರಿಗೆ ಒಳಗೊಳಗೇ ಹಸಿರುಗಟ್ಟುತ್ತದೆ. ಟ್ರಾನ್ಸ್‌ಡ್ಯೂಸರ್ ಕೇಬಲ್ ಉದ್ದ ಆಯಿತೆಂದು ಕತ್ತರಿಸಬೇಡಿ, ಸುತ್ತಿ ಕಟ್ಟಿಡಿ. ಎಂಜಿನ್ ತಂತಿ ಮತ್ತು ವಿಎಚ್‌ಎಫ್ ರೇಡಿಯೋದ ಆಂಟೆನಾ ಕೇಬಲಿನ ಜೊತೆ ಒಂದೇ ಕಟ್ಟಿನಲ್ಲಿ ಬಿಗಿಯಬೇಡಿ.

ಎಂಜಿನ್ ನಿಲ್ಲಿಸಿದಾಗ ಚಿತ್ರ ಶುಭ್ರ, ಓಡುವಾಗ ಗೆರೆ ಗೆರೆ ಬಂದರೆ ಅದು ಸ್ಪಾರ್ಕಿನ ಗದ್ದಲ. ಪ್ಲಗ್ ಸಂಖ್ಯೆಯಲ್ಲಿ 'ಆರ್' ಅಕ್ಷರ ಇರುವ ರೆಸಿಸ್ಟರ್ ಪ್ಲಗ್ ಹಾಕಿ ನೋಡಿ. ಅದೇ ಶಾಖದ ಸಂಖ್ಯೆಯದ್ದೇ ಇರಲಿ.

ಪಡುವಣ

ಮೇಲಿನವರು ಕಾಂಬೋ ತಗೊಳ್ಳುವುದೇ ಸರಿ ಎಂಬಂತೆ ಮಾತು ಮುಂದುವರಿಸಿದ್ದಾರೆ. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಒಂದೇ ಡಬ್ಬಿ ಕೆಟ್ಟರೆ ಆಳವೂ ಹೋಯಿತು, ದಾರಿಯೂ ಹೋಯಿತು. 7 ಇಂಚನ್ನು ಎರಡು ಭಾಗ ಮಾಡಿದರೆ ಪ್ರತಿಯೊಂದಕ್ಕೆ ಸಿಗುವುದು ದೊಡ್ಡ ಮೊಬೈಲಿನಷ್ಟೇ ಜಾಗ. ಆದರೆ ನಾಡದೋಣಿಯಲ್ಲಿ ಎರಡು ಡಬ್ಬಿ ಇಡಲು ಜಾಗವೂ ಬ್ಯಾಟರಿಯೂ ಇಲ್ಲ ಅನ್ನುವುದೂ ನಿಜ. ಹಾಗಾಗಿ ಕಾಂಬೋ ತಗೊಳ್ಳಿ, ಜೊತೆಗೆ ಸೆಲ್ ಹಾಕುವ ಕೈ ಜಿಪಿಎಸ್ ಒಂದು ಇಟ್ಟು ಅಳಿವೆಯ ಪಾಯಿಂಟ್‌ಗಳನ್ನು ಅದರಲ್ಲೂ ತುಂಬಿಡಿ. ಇಸ್ರೋ ಟ್ರಾನ್ಸ್‌ಪಾಂಡರ್ (ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ) ಕೊಟ್ಟಿದ್ದರೆ ಅದು ಬೇರೆಯದೇ ಕೆಲಸದ್ದು. ಪ್ಲಾಟರ್ (ಜಾಗ, ದಾರಿ ತೋರಿಸುವ ಜಿಪಿಎಸ್ ಪರದೆ) ಬಂತೆಂದು ಅದನ್ನು ಕಳಚಿಡಬೇಡಿ.

ಕೊಳ್ಳುವಾಗ ಜನ ಎಡವುವುದು ನಕ್ಷೆಯಲ್ಲಿ. 'ಜಿಪಿಎಸ್ ಇದೆ' ಅಂದರೆ 'ನಕ್ಷೆ ಇದೆ' ಅಂತ ಅರ್ಥ ಅಲ್ಲ. ಗಾರ್ಮಿನ್‌ನ ಸ್ಟ್ರೈಕರ್ ಸರಣಿಯಲ್ಲಿ ಪಾಯಿಂಟ್ ಗುರುತಿಸಬಹುದು, ಬಂದ ದಾರಿ ಕಾಣುತ್ತದೆ, ಆದರೆ ಸಮುದ್ರದ ನಕ್ಷೆ ಹಾಕಲು ಆಗುವುದಿಲ್ಲ. ನಕ್ಷೆ ಬೇಕಿದ್ದರೆ ಅದೇ ಕಂಪನಿಯ ಎಕೋಮ್ಯಾಪ್ ಸಾಲಿಗೆ ಹೋಗಬೇಕು. ಫುರುನೊ ಜಿಪಿ-1871ಎಫ್ 7 ಇಂಚಿನದು, ಒಳಗೇ ಚರ್ಪ್ ಇದೆ, 12 ಮತ್ತು 24 ವೋಲ್ಟ್ ಎರಡಕ್ಕೂ ಆಗುತ್ತದೆ, ಸಿ-ಮ್ಯಾಪ್ ನಕ್ಷೆ ತೆಗೆದುಕೊಳ್ಳುತ್ತದೆ. ಓನ್ವಾದ ಕೆಕಾಂಬೋ-7ರಲ್ಲಿ ಕಂಪನಿಯದ್ದೇ ಕೆ-ಚಾರ್ಟ್. ಬೇರೆ ಕೆಲವು ಅಗ್ಗದ ಮಾದರಿಗಳು ಅಮೆರಿಕದ ಕೆರೆಗಳ ನಕ್ಷೆ, ಕೆರೆಗೆ ಹೊಂದುವ ಟ್ರಾನ್ಸ್‌ಡ್ಯೂಸರ್ ಇಟ್ಟುಕೊಂಡು ಬರುತ್ತವೆ. ಡಬ್ಬದ ಮೇಲೆ ಓದಿ: ಭಾರತದ ಪಶ್ಚಿಮ ಕರಾವಳಿ ಇದೆಯಾ, ಟ್ರಾನ್ಸ್‌ಡ್ಯೂಸರ್ ಬೆಲೆಯೊಳಗೆ ಸೇರಿದೆಯಾ, ವಾರಂಟಿ ಇಲ್ಲಿ ನಡೆಯುತ್ತದೆಯಾ. ಹಲವು ಸಲ ಹೇಳಿದ ಬೆಲೆ ಬರೀ ಡಬ್ಬಿಯದ್ದು.

ನಕ್ಷೆ ಇದ್ದರೂ ಅಳಿವೆಯಲ್ಲಿ ಅದನ್ನು ನಂಬಬೇಡಿ. ಪ್ರತಿ ಮಳೆಗಾಲಕ್ಕೂ ಮರಳದಿಬ್ಬ ಜಾಗ ಬದಲಿಸುತ್ತದೆ, ಕಾರ್ಡಿನಲ್ಲಿರುವ ಆಳ ಯಾವುದೋ ಹಳೆಯ ಸರ್ವೆಯದ್ದು. ಭರತದ ಸಮಯದಲ್ಲಿ ಹಗಲು ಹೊತ್ತು ನಿಧಾನ ದಾಟಿ, ಆ ಟ್ರ್ಯಾಕನ್ನು ಬೇರೆ ಬಣ್ಣದಲ್ಲಿ ಉಳಿಸಿ. ಮಳೆಗಾಲ ಮುಗಿದ ಮೇಲೆ ಹಳೆಯದನ್ನು ಅಳಿಸಿ ಹೊಸದು ಮಾಡಿ.

ಅಳಿವೆಬಾಗಿಲು

ಬಹಳ ಉಪಕಾರ ಆಯ್ತು. ಹಾಗಾದರೆ 7 ಇಂಚು, 600 ವ್ಯಾಟ್, ಪೈಪ್ ಕ್ಲಾಂಪ್. ಇನ್ನೊಂದು: ಇನ್‌ಕಾಯ್ಸ್‌ನವರ (ಸಮುದ್ರದ ಮಾಹಿತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ) ಮೀನು ವಲಯದ ಮಾಹಿತಿಯಲ್ಲಿ ಬರುವ ಅಕ್ಷಾಂಶ, ರೇಖಾಂಶ ಹಾಕಿದರೆ ಜಾಗ ಆಚೀಚೆ ಆಗುತ್ತದೆ ಅನ್ನುತ್ತಾರೆ. ಯಂತ್ರದ ದೋಷವೇ?

ಹತ್ತು_ಮಾರು

ಯಂತ್ರದ್ದಲ್ಲ, ಬರೆಯುವ ರೀತಿಯದ್ದು. ಅವರು ಕೊಡುವುದು ಡಿಗ್ರಿ, ಮಿನಿಟು, ಸೆಕೆಂಡು. ಪ್ಲಾಟರ್ ಸಾಮಾನ್ಯವಾಗಿ ಕೇಳುವುದು ಡಿಗ್ರಿ ಮತ್ತು ದಶಮಾಂಶದ ಮಿನಿಟು. 13-38-45 ಅನ್ನುವುದನ್ನು 13-38.45 ಎಂದು ಒತ್ತಿದರೆ ತಪ್ಪು. 45 ಸೆಕೆಂಡನ್ನು 60ರಿಂದ ಭಾಗಿಸಿ, 0.75 ಬರುತ್ತದೆ, ಹಾಗಾಗಿ 13-38.750. ಈ ತಪ್ಪಿನಿಂದ ಬರುವ ವ್ಯತ್ಯಾಸ 0.3 ಮಿನಿಟು, ಅಂದರೆ ಸುಮಾರು 555 ಮೀಟರ್. ಮೀನು ವಲಯಕ್ಕೆ ಅಷ್ಟು ಆಚೀಚೆಯಾದರೆ ನಡೆದೀತು. ಪಾದೆಯ ಪಾಯಿಂಟಿಗೂ ಬಿಟ್ಟುಬಂದ ಬಲೆಗೂ ನಡೆಯುವುದಿಲ್ಲ. ಮೊಬೈಲಿನಲ್ಲಿ ಇದೇ ಸಂಖ್ಯೆ 13.64583 ಎಂದು ಕಾಣಬಹುದು, ಗಾಬರಿ ಬೇಡ, ಅದೇ ಜಾಗ. ಸೆಟ್ಟಿಂಗ್‌ನಲ್ಲಿ ಮೂರು ರೀತಿಯೂ ಇರುತ್ತದೆ. ನೀವು ಯಾರಿಂದ ಪಾಯಿಂಟ್ ಪಡೆಯುತ್ತೀರೋ ಅವರದ್ದನ್ನೇ ಇಟ್ಟುಕೊಳ್ಳಿ. ಡೇಟಮ್ (ಅಕ್ಷಾಂಶ, ರೇಖಾಂಶ ಅಳೆಯಲು ಇಟ್ಟುಕೊಳ್ಳುವ ಆಧಾರ) ಡಬ್ಲ್ಯುಜಿಎಸ್-84 ಇರಲಿ.

ಮೊದಲ ದಿನವೇ ಇವನ್ನೂ ಬದಲಿಸಿ. ನೀರು 'ಉಪ್ಪು' ಎಂದಿರಲಿ, ಆಳ 'ಫ್ಯಾದಮ್' ಎಂದಿಟ್ಟರೆ ಮಾರಿನಲ್ಲೇ ಓದಬಹುದು. ಮೀನಿನ ಚಿತ್ರ ತೋರಿಸುವ ಸೌಲಭ್ಯ ಆಫ್ ಮಾಡಿ, ಅದು ಕಸವನ್ನೂ ಗುಳ್ಳೆಯನ್ನೂ ಮೀನು ಅನ್ನುತ್ತದೆ. ಗೇನ್ (ಪ್ರತಿಧ್ವನಿಯನ್ನು ಎಷ್ಟು ಹಿಗ್ಗಿಸಿ ತೋರಿಸಬೇಕೆಂಬ ಸೆಟ್ಟಿಂಗ್) ಅನ್ನು ಕೈಯಿಂದ ಏರಿಸುತ್ತಾ ಹೋಗಿ, ಪರದೆ ತುಂಬ ಸಣ್ಣ ಚುಕ್ಕಿ ಬಂದಾಗ ಎರಡು ಮೆಟ್ಟಿಲು ಇಳಿಸಿ. ತಳದ ಕೆಳಗೆ ದುಪ್ಪಟ್ಟು ಆಳದಲ್ಲಿ ಇನ್ನೊಂದು ತಳ ಗಟ್ಟಿಯಾಗಿ ಕಂಡರೆ ಅಲ್ಲಿ ಪಾದೆ, ಕಾಣದಿದ್ದರೆ ಕೆಸರು. ಬೂತಾಯಿಯ ಹೊಟ್ಟೆಯಲ್ಲಿ ಗಾಳಿಚೀಲ ಇರುವುದರಿಂದ ಕೆಂಪಗೆ ಬರುತ್ತದೆ. ಬೊಂಡಾಸ್‌ಗೆ (ಸ್ಕ್ವಿಡ್) ಅದಿಲ್ಲ, ನೀಲಿ ಹೊಗೆಯ ಹಾಗೆ ಕಾಣುತ್ತದೆ, ಗೇನ್ ಕಮ್ಮಿ ಇದ್ದರೆ ಕಾಣುವುದೇ ಇಲ್ಲ.

ತಂತಿ_ಫ್ಯೂಸು

ಅಂಗಡಿಯಲ್ಲಿ ನೋಡುವಾಗ ಒಂದು ಮಾತು. ಅಲ್ಲಿ ಓಡುತ್ತಿರುವ ಚಂದದ ಚಿತ್ರ ಸಿಮ್ಯುಲೇಟರ್‌ನದ್ದು, ಅದರಿಂದ ಏನೂ ತಿಳಿಯುವುದಿಲ್ಲ. ಡಬ್ಬಿಯನ್ನು ಮಧ್ಯಾಹ್ನದ ಬಿಸಿಲಿಗೆ ತಂದು ಓದಿ. ಕೂಲಿಂಗ್ ಗ್ಲಾಸ್ ಹಾಕುವವರಾದರೆ ಅದನ್ನೂ ಹಾಕಿಕೊಂಡು ನೋಡಿ, ಕೆಲವು ಸ್ಕ್ರೀನ್ ಒಂದು ಕೋನದಲ್ಲಿ ಪೂರ್ತಿ ಕಪ್ಪಾಗುತ್ತದೆ. ಕೈ ಒದ್ದೆ ಮಾಡಿಕೊಂಡು ಒಂದು ಪಾಯಿಂಟ್ ಸೇವ್ ಮಾಡಿ. ಬರೀ ಟಚ್ ಇರುವುದು ಅಲ್ಲೇ ತಡಬಡಾಯಿಸಿದರೆ, ಕೈಗೆ ಹುರುಪೆ ಮೆತ್ತಿಕೊಂಡಿರುವಾಗ ಕೆಲಸಕ್ಕೆ ಬಾರದು. ಗುಂಡಿ ಇರುವುದನ್ನೇ ತಗೊಳ್ಳಿ.