ಹೊಂಡದ ನೀರು ‘ಸೊಕ್ಕುವುದು’: ಈ ಬಳಕೆ ನಿಮ್ಮ ಕಡೆ ಇದೆಯೇ?

ನಮ್ಮದು ಹೊಳಲ್ಕೆರೆ ಸೀಮೆ. ಅಡಿಕೆ ತೋಟದ ತಲೆಗೆ ಒಂದು ಕೃಷಿ ಹೊಂಡ ಇದೆ. ಬೋರಿನ ನೀರನ್ನು ಅದಕ್ಕೆ ತುಂಬಿಸಿ, ಅಲ್ಲಿಂದ ಡ್ರಿಪ್‌ಗೆ ಬಿಡುತ್ತೇವೆ. ಈ ಬೇಸಿಗೆಯಲ್ಲಿ ನೀರು ಗಿಳಿಹಸಿರಿಗೆ ತಿರುಗಿತು. ದಿನಕ್ಕೆರಡು ಸಲ ಫಿಲ್ಟರ್ ತೊಳೆದರೂ ಕಟ್ಟಿಕೊಳ್ಳುತ್ತಿತ್ತು. ಪಕ್ಕದ ಹೊಲದ ಹಿರಿಯರೊಬ್ಬರು ಬಂದು ನೋಡಿ, “ನೀರು ಸೊಕ್ಕೈತೆ ಕಣಪ್ಪ, ಕೊಟ್ಟಿಗೆ ತೊಳೆದ ನೀರೆಲ್ಲ ಇದಕ್ಕೇ ಇಳೀತೈತೆ ನೋಡು” ಅಂದರು.

ಆ ‘ಸೊಕ್ಕೈತೆ’ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಯೂರಿಯಾ ಜಾಸ್ತಿಯಾಗಿ, ಕಡುಹಸಿರಾಗಿ ಬೆಳೆದು ಮಗುಚಿ ಬಿದ್ದ ಭತ್ತಕ್ಕೆ ‘ಸೊಕ್ಕಿದ ಪೈರು’ ಅನ್ನುತ್ತೇವಲ್ವಾ? ಅದೇ ಮಾತನ್ನು ಅವರು ನೀರಿಗೆ ಹಚ್ಚಿದರು. ನೀರಿಗೆ ಗೊಬ್ಬರದಂಶ ಜಾಸ್ತಿಯಾಗಿ ಪಾಚಿ ಉಕ್ಕುವ ಇದನ್ನೇ ವಿಜ್ಞಾನದವರು ಯುಟ್ರೋಫಿಕೇಶನ್ ಅನ್ನುತ್ತಾರೆ. ಗ್ರೀಕಿನಲ್ಲಿ ಆ ಪದದ ಬೇರು ‘ಚೆನ್ನಾಗಿ ಉಂಡದ್ದು’ ಎಂದು. ಕನ್ನಡದಲ್ಲಿ ಬರೆಯುವವರು ‘ಪೋಷಕಾಂಶ ಸಮೃದ್ಧೀಕರಣ’ ಎಂದರೆ ನನ್ನಂಥವನಿಗೆ ಅದು ಒಳ್ಳೆಯ ಸುದ್ದಿಯ ಹಾಗೆ ಕೇಳಿಸುತ್ತದೆ. ‘ಪಾಚಿ ಕಟ್ಟಿದೆ’ ಅಂದರೆ ಕಣ್ಣಿಗೆ ಕಂಡದ್ದನ್ನಷ್ಟೇ ಹೇಳಿದಂತೆ. ‘ಸೊಕ್ಕಿದೆ’ ಅಂದಾಗ ಯಾರೋ ಜಾಸ್ತಿ ಉಣ್ಣಿಸಿದ್ದಾರೆ ಅನ್ನುವುದೂ ಸೇರುತ್ತದೆ.

ಉಣ್ಣಿಸುವುದು ಮುಖ್ಯವಾಗಿ ಎರಡನ್ನು, ಸಾರಜನಕ (ನೈಟ್ರೋಜನ್) ಮತ್ತು ರಂಜಕ (ಫಾಸ್ಫರಸ್). ನೀರಿನಲ್ಲಿ ತೇಲುವ ಪಾಚಿ ಮೈಕಟ್ಟಲು ಒಂದು ಕಿಲೋ ರಂಜಕಕ್ಕೆ ಸುಮಾರು 7 ಕಿಲೋ ಸಾರಜನಕ, 40 ಕಿಲೋ ಇಂಗಾಲ ಬಳಸುತ್ತದೆ. ಇಂಗಾಲ ಗಾಳಿಯಿಂದ ಬರುತ್ತದೆ. ಸಾರಜನಕ ಸಾಲದಿದ್ದರೂ ಕೆಲವು ನೀಲಿ-ಹಸಿರು ಪಾಚಿಗಳು ಗಾಳಿಯದನ್ನೇ ಹಿಡಿದುಕೊಳ್ಳುತ್ತವೆ. ರಂಜಕಕ್ಕೆ ಮಾತ್ರ ಆ ದಾರಿ ಇಲ್ಲ. 1973ರಲ್ಲಿ ಕೆನಡಾದ ಒಂಟಾರಿಯೋದಲ್ಲಿ ಒಂದು ಸಣ್ಣ ಕೆರೆಗೆ ನಡುವೆ ಪರದೆ ಕಟ್ಟಿ, ಎರಡೂ ಕಡೆ ಇಂಗಾಲ, ಸಾರಜನಕ ಹಾಕಿ, ಒಂದೇ ಕಡೆಗೆ ರಂಜಕವನ್ನೂ ಸೇರಿಸಿದರು. ಆ ಕಡೆ ಮಾತ್ರ ಪಾಚಿ ಉಕ್ಕಿ ನೀರು ಹಸಿರಾಯಿತು. ನಮ್ಮ ಡಿಎಪಿ ಗೊಬ್ಬರದ ಚೀಲದ ಮೇಲಿನ 18-46 ನೆನಪಿಸಿಕೊಳ್ಳಿ. ಆ 46 ರಂಜಕದ ಲೆಕ್ಕ. ತೋಟದಿಂದ, ಕೊಟ್ಟಿಗೆಯಿಂದ ಮೊದಲ ಮಳೆಗೆ ತೊಳೆದು ಬರುವುದರಲ್ಲಿ ಅದೂ ಇರುತ್ತದೆ.

ಸೊಕ್ಕಿದ ನೀರಿನಲ್ಲಿ ಹಗಲು ಆಮ್ಲಜನಕ ತುಂಬಿರುತ್ತದೆ. ರಾತ್ರಿ ಪಾಚಿಯೂ ಉಸಿರಾಡುವುದರಿಂದ ಬೆಳಗಿನ ಜಾವಕ್ಕೆ ಬರಿದಾಗುತ್ತದೆ. ಹೊಂಡಕ್ಕೆ ಕಟ್ಲಾ ಮರಿ ಬಿಟ್ಟ ಪರಿಚಿತರೊಬ್ಬರು ಬೆಳಿಗ್ಗೆ ಎದ್ದು ನೋಡಿದರೆ ಮೀನೆಲ್ಲ ಬೆಳ್ಳಗೆ ತೇಲುತ್ತಿದ್ದವು. ಯಾರೋ ವಿಷ ಹಾಕಿದರು ಅಂತ ತುಂಬ ನೊಂದರು. ಇದಕ್ಕೊಂದು ಸರಿಯಾದ ಮಾತು ಊರಲ್ಲಿ ಓಡಾಡುತ್ತಿದ್ದರೆ ಆ ಅನುಮಾನ ಹುಟ್ಟುತ್ತಿರಲಿಲ್ಲವೇನೋ.

ಇನ್ನೊಂದು ಗೊಂದಲ ‘ಪಾಚಿ’ಯದೇ. ಗೋಡೆ ಮೇಲಿನ ಹಸಿರು, ನೂಲಿನಂತೆ ಕೈಗೆ ಸಿಗುವುದು, ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿ ನೀರಿಗೇ ಬಣ್ಣ ಕೊಡುವುದು, ಮೂರೂ ಪಾಚಿಯೇ. ನಮ್ಮಮ್ಮ ಮಾತ್ರ ಬೇರೆ ಮಾಡುತ್ತಿದ್ದರು. ಚಿತ್ರದುರ್ಗದ ಕೋಟೆಯ ಗೋಪಾಲಸ್ವಾಮಿ ಹೊಂಡದ ಕಲ್ಲಿನ ಮೇಲೆ ಕಾಲು ಜಾರಿಸುವುದು ಅವರಿಗೆ ‘ಹಾವಸೆ’, ನೀರಲ್ಲಿ ತೇಲುವುದು ‘ಪಾಚಿ’. ‘ಹಾವಸೆಗಲ್ಲು’ ವಚನಗಳಲ್ಲೂ ಇದೆ. ಈ ಅಂತರ ಉಳಿಸಿಕೊಳ್ಳುವುದು ಒಳ್ಳೆಯದು ಅಂತ ನನಗನ್ನಿಸುತ್ತದೆ. ಪಾಚಿಗೆ ‘ಶೈವಲ’ ಅನ್ನುವ ಮಾತು ಪಾಠದ ಪುಸ್ತಕ ಬಿಟ್ಟು ಹೊರಗೆ ನನ್ನ ಕಿವಿಗೆ ಬಿದ್ದಿಲ್ಲ.

‘ಸೊಕ್ಕು’ ಅಂದರೆ ಅಹಂಕಾರ, ಅದು ನೀರನ್ನೇ ಬೈದ ಹಾಗಾಗುತ್ತದೆ ಅಂತ ಗೆಳೆಯರೊಬ್ಬರ ತಕರಾರು. ‘ಅತಿಪೋಷಣೆ’ ಸಾಕಲ್ವಾ ಅನ್ನುತ್ತಾರೆ. ಆದರೆ ಸೊಕ್ಕಿದ ಪೈರು ಅಂದಾಗ ನಾವು ಪೈರನ್ನು ಬೈಯುವುದಿಲ್ಲ, ಗೊಬ್ಬರ ಸುರಿದವನ ಕಡೆ ನೋಡುತ್ತೇವೆ. ಇದರ ಎದುರಿಗೆ ‘ಬಡ ಮಣ್ಣು’ ಇದ್ದ ಹಾಗೆ ‘ಬಡ ನೀರು’ ಎಂದೂ ಹೇಳಬಹುದು. ಪೋಷಕಾಂಶ ತೀರ ಕಡಿಮೆ ಇರುವ ತಿಳಿ ನೀರಿಗೆ ಅದು ಒಪ್ಪುತ್ತದೆ.

ನಿಮ್ಮ ಕಡೆ ನೀರಿಗೆ ಸೊಕ್ಕು, ಕೊಬ್ಬು, ಕಸುವು, ಯಾವ ಮಾತು ಬರುತ್ತದೆ? ಚನ್ನಗಿರಿ, ಹರಿಹರದ ಗದ್ದೆ ಬಯಲಿನವರು, ಮೀನು ಸಾಕುವವರು ಹೇಗೆ ಹೇಳುತ್ತಾರೆ? ಹಾವಸೆ, ಪಾಚಿ ಎರಡನ್ನೂ ಬೇರೆ ಬೇರೆಯಾಗಿ ಬಳಸುವ ಮನೆಗಳು ಇನ್ನೂ ಇವೆಯೇ? ಕೇಳಿದ್ದನ್ನು ಕೇಳಿದ ಹಾಗೇ, ಊರಿನ ಹೆಸರಿನ ಜೊತೆ ಬರೆಯಿರಿ.