ಫೋರ್ಜಿಂಗ್ ಸಿಮ್ಯುಲೇಶನ್ ತಂತ್ರಾಂಶ ಕಲಿಯಲು ತರಬೇತಿಗೆ ಹಣ ಕಟ್ಟಬೇಕೇ? ಅನುಭವವಿದ್ದವರು ತಿಳಿಸಿ

ಹೊಸಬ, ಪೀಣ್ಯ
ಪೀಣ್ಯ ಎರಡನೇ ಹಂತದ ಫೋರ್ಜಿಂಗ್ (ಕಾಯಿಸಿದ ಲೋಹವನ್ನು ಡೈ ಎಂಬ ಅಚ್ಚುಗಳ ನಡುವೆ ಅದುಮಿ ಆಕಾರ ಕೊಡುವ) ಘಟಕವೊಂದರ ಡಿಸೈನ್ ವಿಭಾಗಕ್ಕೆ ಈಚೆಗೆ ಸೇರಿದ್ದೇನೆ. ಮಾಲೀಕರು ಡಿಫಾರ್ಮ್ ಎಂಬ ಸಿಮ್ಯುಲೇಶನ್ ತಂತ್ರಾಂಶ ತೆಗೆದುಕೊಂಡಿದ್ದಾರೆ. ಕ್ಯಾಡ್ ಬರುತ್ತದೆ, ಆದರೆ ಇದರ ಪ್ರಿ-ಪ್ರೊಸೆಸರ್ (ಲೆಕ್ಕಕ್ಕೆ ಮಾಹಿತಿ ತುಂಬುವ ಭಾಗ) ತೆರೆದರೆ ಯಾವ ಗುಂಡಿಯಿಂದ ಶುರು ಮಾಡಬೇಕೆಂದೇ ತಿಳಿಯುವುದಿಲ್ಲ. ಒಂದು ಫ್ಲ್ಯಾಂಜ್‌ನ ಮೂಲೆ ತುಂಬುತ್ತದೆಯೇ ಎಂದಷ್ಟೇ ನೋಡಬೇಕು. ತರಬೇತಿ ಒಳ್ಳೆಯದೋ, ಸ್ವಂತ ಕಲಿಕೆಯೋ?

ಬೊಮ್ಮಸಂದ್ರದ ಹ್ಯಾಮರ್
ತರಬೇತಿ ಎಂದರೆ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ. ನಮ್ಮ ಘಟಕ ಕಟ್ಟಿದ್ದು 62,000 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ ಎಂದು 11,160, ಊಟ ಮತ್ತು ಕ್ಯಾಬ್ ಬೇರೆ. ಬಂದ ಹುಡುಗ ಎರಡು ಚಪ್ಪಟೆ ಡೈಗಳ ನಡುವೆ ಸಿಲಿಂಡರ್ ಒಂದನ್ನು ಅದುಮಿ ತೋರಿಸಿ ಹೊರಟ. ನಮ್ಮದು ಸ್ಟೀರಿಂಗ್ ನಕಲ್ (ವಾಹನದ ಚಕ್ರ ತಿರುಗಿಸುವ ಕೀಲಿನ ಭಾಗ) ಎಂದರೆ, ಅದಕ್ಕೆ ಬೇರೆ ಶುಲ್ಕವಂತೆ!
ಆಮೇಲೆ ನಾನೇ ಕುಳಿತು ಕಲಿತೆ. ಆಬ್ಜೆಕ್ಟ್ ಪಟ್ಟಿಯಲ್ಲಿ ವರ್ಕ್‌ಪೀಸ್, ಮೇಲಿನ ಡೈ, ಕೆಳಗಿನ ಡೈ. ಒಂದೊಂದನ್ನೂ ಮುಗಿಸಿಯೇ ಮುಂದಿನದಕ್ಕೆ ಹೋಗಬೇಕು. ವರ್ಕ್‌ಪೀಸ್ ಪ್ಲಾಸ್ಟಿಕ್ (ಆಕಾರ ಬದಲಿಸುವಂಥದ್ದು), ಡೈಗಳು ರಿಜಿಡ್ (ಆಕಾರ ಬದಲಿಸದವು). ಕ್ಯಾಡ್‌ನಿಂದ ಎಸ್‌ಟಿಎಲ್ ಫೈಲ್ (ಆಕಾರದ ಫೈಲ್) ತಂದ ಕೂಡಲೇ ಜಿಯೊಮೆಟ್ರಿ ಚೆಕ್ ಒತ್ತಬೇಕು. ಸರ್ಫೇಸ್ ಒಂದು, ಫ್ರೀ ಎಡ್ಜ್ (ಕೂಡಿಕೊಳ್ಳದ ಅಂಚು) ಸೊನ್ನೆ ಎಂದು ಬಾರದಿದ್ದರೆ ಅಲ್ಲಿಯೇ ನಿಲ್ಲಿ, ಮೆಷ್ ಮಾಡಲು (ಸಣ್ಣ ಎಲಿಮೆಂಟ್‌ಗಳಾಗಿ ಒಡೆಯಲು) ಹೋಗಬೇಡಿ. ಒಂದು ಸ್ಟೆಪ್‌ನಲ್ಲಿ (ಲೆಕ್ಕದ ಒಂದು ಹೆಜ್ಜೆಯಲ್ಲಿ) ಡೈ ಇಳಿಯುವ ದೂರ ಅತಿ ಸಣ್ಣ ಎಲಿಮೆಂಟ್‌ನ ಅಂಚಿನ ಮೂರನೇ ಒಂದರಷ್ಟಿರಲಿ. ಘರ್ಷಣೆ 0.3. ಕಾಂಟ್ಯಾಕ್ಟ್ (ಡೈ ಮತ್ತು ವರ್ಕ್‌ಪೀಸ್ ತಾಗುವ ಜಾಗ) ಜನರೇಟ್ ಮಾಡದೆ ಡೇಟಾಬೇಸ್ ಬರೆಯಬೇಡಿ. ಇಷ್ಟು ಹೇಳಲು 73,160 ಬೇಕೇ?

ಕೀವರ್ಡ್ ಪಕ್ಷಪಾತಿ, ವೈಟ್‌ಫೀಲ್ಡ್
0.3? ಶೀಟ್ ಮೆಟಲ್‌ನಲ್ಲಿ ನಾವು 0.12ರಿಂದ 0.15 ಹಾಕುತ್ತೇವೆ. 0.3 ಹಾಕಿದರೆ ಶೀಟ್ ಹರಿದು ಕೈಗೆ ಬರುತ್ತದೆ.
ಗುಂಡಿಗಳನ್ನು ನಂಬುವವರಿಗೆ ನನ್ನ ಕಥೆ. ನಾನು ಬಳಸುವುದು ಎಲ್‌ಎಸ್-ಡೈನಾ ಎಂಬ ಇನ್ನೊಂದು ಸಿಮ್ಯುಲೇಶನ್ ತಂತ್ರಾಂಶ. ಅದಕ್ಕೆ ಮಾನಗಳ ಪರಿವೆಯಿಲ್ಲ, ನಾವು ಕೊಟ್ಟ ಅಂಕಿಯೇ ಅದಕ್ಕೆ ವೇದವಾಕ್ಯ. ಮಿಲಿಮೀಟರ್, ಟನ್, ಸೆಕೆಂಡ್ ಪದ್ಧತಿಯಲ್ಲಿ ಉಕ್ಕಿನ ಸಾಂದ್ರತೆ 7.85×10⁻⁹. ಗುತ್ತಿಗೆಗೆ ಬಂದ ಒಬ್ಬರು ಕಿಟಕಿಯ ಚೌಕದಲ್ಲಿ ಕಿಲೋಗ್ರಾಂ ಲೆಕ್ಕದ 7.85×10⁻⁶ ತುಂಬಿದರು. ಶೀಟ್ ಸಾವಿರ ಪಟ್ಟು ಭಾರವಾಯಿತು. ಗ್ರಾಹಕರು 1,40,000 ರೂಪಾಯಿಯ ಬಿಲ್ ಇನ್ನೂ ತಡೆಹಿಡಿದಿದ್ದಾರೆ. ಕೀವರ್ಡ್ ಫೈಲನ್ನು (ತುಂಬಿದ ಅಂಕಿಗಳೆಲ್ಲ ಇರುವ ಫೈಲ್) ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದಿದ್ದರೆ ಕಣ್ಣಿಗೆ ರಾಚುತ್ತಿತ್ತು. ಅಂದಿನಿಂದ ನಮ್ಮ ತಂಡದಲ್ಲಿ ಫೈಲ್ ಓದಿ ಸಹಿ ಹಾಕದೆ ಯಾರೂ ರನ್ ಕೊಡುವಂತಿಲ್ಲ. ನಿಯಮ ನನ್ನದು.

ಬೊಮ್ಮಸಂದ್ರದ ಹ್ಯಾಮರ್
ಮೇಡಂ, ನಿಮ್ಮ 0.15 ಕೂಲಂಬ್ ಗುಣಾಂಕ, ನನ್ನ 0.3 ಶಿಯರ್ ಫ್ಯಾಕ್ಟರ್. ಒಂದು ಒತ್ತಡಕ್ಕೆ ಗುಣಿಸುವುದು, ಇನ್ನೊಂದು ಲೋಹದ ಶಿಯರ್ ಬಲಕ್ಕೆ. ಮುಚ್ಚಿದ ಡೈಯಲ್ಲಿ ಒತ್ತಡ ಏರುತ್ತಲೇ ಹೋಗುತ್ತದೆ. ಕೂಲಂಬ್ ಹಾಕಿದರೆ ಘರ್ಷಣೆ ಲೋಹದ ಶಿಯರ್ ಬಲವನ್ನೇ ಮೀರೀತು. ಡಿಫಾರ್ಮ್‌ನಲ್ಲಿ ಘರ್ಷಣೆ ತುಂಬುವ ಕಿಟಕಿಯಲ್ಲಿಯೇ ಶಿಯರ್, ಕೂಲಂಬ್ ಎಂದು ಆಯ್ಕೆ ಇರುವುದು ಅಲಂಕಾರಕ್ಕಲ್ಲ.

ಕೀವರ್ಡ್ ಪಕ್ಷಪಾತಿ, ವೈಟ್‌ಫೀಲ್ಡ್
ಹಾಗಿದ್ದರೆ ಮೊದಲೇ ಶಿಯರ್ ಎಂದು ಬರೆಯಬೇಕಿತ್ತು. ಪ್ರಶ್ನೆ ಕೇಳಿದ ಹುಡುಗ ಕೂಲಂಬ್ ಮೇಲೆ ಗುರುತಿಟ್ಟು 0.3 ತುಂಬಿದರೆ ಜವಾಬ್ದಾರಿ ಯಾರದು?

ರಾಜಾಜಿನಗರದ ಡೈ ಮೇಷ್ಟ್ರು
ಇಬ್ಬರೂ ಸ್ವಲ್ಪ ತಾಳಿ. ಸಿಮ್ಯುಲೇಶನ್‌ನ ಬಣ್ಣದ ಚಿತ್ರ ನೋಡಿ ನನ್ನಿಂದ ಡೈ ಕೊರೆಸಿದವರ ಬಾಕಿ ಇನ್ನೂ ನನ್ನ ಪುಸ್ತಕದಲ್ಲಿದೆ. ಎಚ್13 ಉಕ್ಕಿನ ಬ್ಲಾಕ್‌ಗೆ 1,85,000, ಮಷೀನಿಂಗ್‌ಗೆ 90,000, ವ್ಯಾಕ್ಯೂಮ್ ಹಾರ್ಡನಿಂಗ್‌ಗೆ 28,000. ಒಟ್ಟು 3,03,000. ಪರದೆಯ ಮೇಲೆ ಡೈ ತುಂಬಿತ್ತು, ಪ್ರೆಸ್‌ನಲ್ಲಿ ಮೂಲೆ ಖಾಲಿ. ಆ ಘಟಕದ ಎಂಜಿನಿಯರ್ ಬಿಲ್ಲೆಟ್‌ಗೆ (ಅದುಮಬೇಕಾದ ಲೋಹದ ತುಂಡಿಗೆ) 1200 ಡಿಗ್ರಿ ಕೊಟ್ಟು ನೇರವಾಗಿ ಡೈ ಇಳಿಸಿದ್ದ. ಕುಲುಮೆಯಿಂದ ಇಕ್ಕಳದಲ್ಲಿ ಎತ್ತಿ ತರುವಾಗ, ಕೆಳಗಿನ ಡೈ ಮೇಲೆ ಇಟ್ಟು ಮೇಲಿನ ಡೈ ಇಳಿಯುವವರೆಗೆ ಆರುವ ಶಾಖಕ್ಕೆ ಬೇರೆ ಆಪರೇಷನ್ (ಲೆಕ್ಕದ ಹಂತ) ಸೇರಿಸಬೇಕು, ಅವನು ಸೇರಿಸಿರಲಿಲ್ಲ. ಮಾಲೀಕರು ಮಾತ್ರ ‘ನಿಮ್ಮ ಡೈ ಸರಿಯಿಲ್ಲ’ ಎಂದರು. ಸೀಸ ಎರೆದು ಕ್ಯಾವಿಟಿಯ (ಡೈಯ ಒಳಗಿನ ಪೊಳ್ಳಿನ) ಅಳತೆ ತೋರಿಸಿದೆ, ಮೈಕ್ರೋಮೀಟರ್ ಹಿಡಿದು ತೋರಿಸಿದೆ. ಹಣ ಬಂದಿಲ್ಲ.

ಕೀವರ್ಡ್ ಪಕ್ಷಪಾತಿ, ವೈಟ್‌ಫೀಲ್ಡ್
ಅದು ಎಂಜಿನಿಯರ್ ತಪ್ಪು, ತಂತ್ರಾಂಶದ್ದಲ್ಲ. ಮೇಷ್ಟ್ರೇ, ಸೀಸ ಎರೆದರೆ ಲೋಹ ಹರಿಯುವ ದಾರಿ ಕಾಣುತ್ತದೆಯೇ? ಲ್ಯಾಪ್ (ಲೋಹ ತನ್ನ ಮೇಲೆಯೇ ಮಡಿಚುವ ದೋಷ) ಎಲ್ಲಿ ಆಯಿತೆಂದು ಸೀಸ ಹೇಳುತ್ತದೆಯೇ?

ರಾಜಾಜಿನಗರದ ಡೈ ಮೇಷ್ಟ್ರು
ಹೇಳುವುದಿಲ್ಲ ತಾಯಿ. ಆದರೆ ಸೀಸ ವಾರ್ಷಿಕ ನಿರ್ವಹಣಾ ಶುಲ್ಕವನ್ನೂ ಕೇಳುವುದಿಲ್ಲ.

ಅನಾಮಿಕ
ತರಬೇತಿ, ಶುಲ್ಕ ಎಲ್ಲ ಏಕೆ? ಹಳೆಯ ಆವೃತ್ತಿಯ ಕ್ರ್ಯಾಕ್ ಮಾಡಿದ (ಲೈಸೆನ್ಸ್ ಇಲ್ಲದ) ಪ್ರತಿ ಸಿಗುತ್ತದೆ. ಮನೆಯಲ್ಲಿ ಹಾಕಿಕೊಂಡು ಅಭ್ಯಾಸ ಮಾಡಲಿ.

ಬೊಮ್ಮಸಂದ್ರದ ಹ್ಯಾಮರ್
ಕೆಲಸಕ್ಕೆ ಸೇರಿದ ಹುಡುಗನಿಗೆ ಕೊಡುವ ಬುದ್ಧಿಯೇ ಇದು? ಮನೆಯ ಫೈಲ್ ಒಂದು ದಿನ ಕಚೇರಿಯ ಕಂಪ್ಯೂಟರಿಗೆ ಬರುತ್ತದೆ, ನೋಟಿಸ್ ಬರುವುದು ಮಾಲೀಕರ ಹೆಸರಿಗೆ. ಮಾಲೀಕರು ದುಡ್ಡು ಕೊಟ್ಟು ತಂದ ಲೈಸೆನ್ಸ್ ಮೇಜಿನ ಮೇಲಿರುವಾಗ ಕಳ್ಳಮಾಲು ಯಾಕೆ?

ಅನಾಮಿಕ
ನೀವು 73,160 ಕಳೆದುಕೊಂಡ ಸಿಟ್ಟನ್ನು ನನ್ನ ಮೇಲೆ ತೀರಿಸಬೇಡಿ.

ಹೊಸಬ, ಪೀಣ್ಯ
ಎಲ್ಲರಿಗೂ ಧನ್ಯವಾದ. ಶಿಯರ್ ಆರಿಸಿ 0.3 ಕೊಟ್ಟೆ, ರನ್ ಶುರುವಾಯಿತು. ಅರ್ಧದಲ್ಲಿ ಕರೆಂಟ್ ಹೋಯಿತು. ಈಗ ಮೊದಲಿನಿಂದ ಮಾಡಬೇಕೇ?

ಬೊಮ್ಮಸಂದ್ರದ ಹ್ಯಾಮರ್
ಬೇಡ. ಡೇಟಾಬೇಸ್ ತೆರೆದು ಕೊನೆಗೆ ಉಳಿದ ಸ್ಟೆಪ್ ಆರಿಸಿ, ಅಲ್ಲಿಂದ ಮುಂದುವರಿಸಿ. ಯುಪಿಎಸ್ ಇಲ್ಲವೇ?

ರಾಜಾಜಿನಗರದ ಡೈ ಮೇಷ್ಟ್ರು
ಲಕ್ಷಗಟ್ಟಲೆ ತಂತ್ರಾಂಶ ತಂದು ಯುಪಿಎಸ್ ಬಿಟ್ಟಿದ್ದಾರೆಂದರೆ, ತಮ್ಮಾ, ಆ ಮಾಲೀಕರು ಯಾರೆಂದು ನನಗೆ ಅನುಮಾನ ಬರುತ್ತಿದೆ. ಖಾಸಗಿಯಾಗಿ ಸಂದೇಶ ಕಳುಹಿಸು.