ಬ್ರಿಟನ್, ಸ್ವಿಟ್ಜರ್ಲೆಂಡ್, ಜಪಾನ್: ಒಂದೇ ಅಡಾಪ್ಟರ್ ಸಾಕೇ?

ಕೇಳಿದವರು:
ಅಮ್ಮನನ್ನು ಕರೆದುಕೊಂಡು ಬ್ರಿಟನ್, ಸ್ವಿಟ್ಜರ್ಲೆಂಡ್, ಕೊನೆಗೆ ಜಪಾನಿಗೆ ಹೊರಟಿದ್ದೇನೆ. ಎರಡು ಮೊಬೈಲ್, ಲ್ಯಾಪ್‌ಟಾಪ್, ಹೇರ್ ಡ್ರೈಯರ್, ಅಮ್ಮ ರಾತ್ರಿ ಮಲಗುವಾಗ ಹಾಕಿಕೊಳ್ಳುವ, ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್ ಯಂತ್ರ ಜೊತೆಗಿರುತ್ತವೆ. ಎಲ್ಲ ದೇಶಗಳಿಗೂ ಆಗುವ ಒಂದೇ ಅಡಾಪ್ಟರ್ ಸಾಕೇ? ವೋಲ್ಟೇಜ್ ಬದಲಿಸುವ ಟ್ರಾನ್ಸ್‌ಫಾರ್ಮರ್ ಕೂಡ ಬೇಕೇ? ಹೋಗಿಬಂದವರು ದಯವಿಟ್ಟು ತಿಳಿಸಿ.

ಉಪಕರಣಗಳ ರಿಪೇರಿ ಮಾಡುವವರು:
ಅಂಗಡಿಗೆ ಹೋಗುವುದು ಆಮೇಲೆ. ಮೊದಲು ಭೂತಗನ್ನಡಿ ಹಿಡಿದು ಪ್ರತಿ ಚಾರ್ಜರಿನ ಬೆನ್ನು ನೋಡಿ. ಇರುವೆ ಸಾಲಿನಂಥ ಅಕ್ಷರಗಳಲ್ಲಿ ‘ಇನ್‌ಪುಟ್’ ಎಂದು ಬರೆದಿರುತ್ತದೆ. ಅದರ ಮುಂದೆ ‘100–240 ವೋಲ್ಟ್, 50/60 ಹರ್ಟ್ಸ್’ ಎಂದಿದ್ದರೆ ಆ ವಸ್ತು ಯಾವ ದೇಶಕ್ಕೂ ಸೈ. ಪಿನ್ನಿನ ಆಕಾರ ಹೊಂದಿಸಿದರೆ ಮುಗಿಯಿತು. ಈಗಿನ ಮೊಬೈಲ್, ಲ್ಯಾಪ್‌ಟಾಪ್ ಚಾರ್ಜರುಗಳು ಬಹುಪಾಲು ಹೀಗೆಯೇ ಇರುತ್ತವೆ. ‘220–240’ ಎಂದಷ್ಟೇ ಇದ್ದರೆ ಬ್ರಿಟನ್, ಸ್ವಿಟ್ಜರ್ಲೆಂಡ್‌ಗಳಲ್ಲಿ ಅಡ್ಡಿಯಿಲ್ಲ, ಅಲ್ಲಿ 230 ವೋಲ್ಟ್. ಜಪಾನಿನಲ್ಲಿ ಇರುವುದು 100 ವೋಲ್ಟ್.

ಅಡಾಪ್ಟರ್ ಬದಲಿಸುವುದು ಆಕಾರವನ್ನು ಮಾತ್ರ, ವೋಲ್ಟೇಜನ್ನಲ್ಲ. ನನ್ನ ಬಳಿ ಸುಟ್ಟು ಬರುವ ವಿದೇಶಿ ವಸ್ತುಗಳಲ್ಲಿ ಹೆಚ್ಚಿನವು ಈ ಎರಡನ್ನೂ ಒಂದೇ ಎಂದುಕೊಂಡವರವು.

ಹೇರ್ ಡ್ರೈಯರ್ ವಿಷಯಕ್ಕೆ ಬನ್ನಿ. ಬಿಸಿ ಮಾಡುವ ಸುರುಳಿಯಲ್ಲಿ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ, ಅಂದರೆ ವೋಲ್ಟೇಜ್ ಅರ್ಧವಾದರೆ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. 230 ವೋಲ್ಟಿಗೆ ಮಾಡಿದ 1500 ವ್ಯಾಟಿನ ಡ್ರೈಯರನ್ನು 100 ವೋಲ್ಟಿಗೆ ಸಿಕ್ಕಿಸಿದರೆ ಲೆಕ್ಕದಲ್ಲಿ 300 ವ್ಯಾಟೂ ಬರುವುದಿಲ್ಲ. ಉಗುರುಬೆಚ್ಚಗಿನ ಗಾಳಿ ಅಷ್ಟೇ. ತಿರುಗುಮುರುಗಾದರೆ ಅಪಾಯ: 100 ವೋಲ್ಟಿನ ಡ್ರೈಯರ್ 230ರಲ್ಲಿ ಐದು ಪಟ್ಟಿಗೂ ಹೆಚ್ಚು ಶಕ್ತಿ ಎಳೆದು ಹೊಗೆಯಾಡುತ್ತದೆ. 1500 ವ್ಯಾಟ್ ತಡೆಯುವ ಟ್ರಾನ್ಸ್‌ಫಾರ್ಮರ್ ಹೊತ್ತರೆ ಬೆನ್ನು ಬೀಳುತ್ತದೆ. ಅಗ್ಗದ ಹಗುರ ‘ಕನ್ವರ್ಟರ್’ಗಳು ಬರಿಯ ಬಿಸಿ ಮಾಡುವ ವಸ್ತುಗಳಿಗೆ ಮಾತ್ರ; ಅವುಗಳಿಗೆ ಎಲೆಕ್ಟ್ರಾನಿಕ್ ವಸ್ತು ಸಿಕ್ಕಿಸಿದರೆ ಅದು ಕೆಡಬಹುದು. ಡ್ರೈಯರನ್ನು ಮನೆಯಲ್ಲೇ ಬಿಡಿ. ಹೋಟೆಲಿನಲ್ಲಿ ಸಾಮಾನ್ಯವಾಗಿ ಇರುತ್ತದೆ.

ಲಂಡನ್ನಿನಲ್ಲಿ ಓದಿದವರು:
ಬ್ರಿಟನ್ನಿನದು ಮೂರು ಆಯತಾಕಾರದ ಪಿನ್ನಿನ ದಪ್ಪ ಪ್ಲಗ್, ಟೈಪ್ ಜಿ. ಪ್ಲಗ್ಗಿನ ಒಳಗೇ ಫ್ಯೂಸ್ ಇರುತ್ತದೆ. ಮೇಲಿನ ಉದ್ದ ಪಿನ್ ಒಳಹೋದ ಮೇಲೆಯೇ ಕೆಳಗಿನ ಎರಡು ತೂತುಗಳ ಮುಚ್ಚಳ ಸರಿಯುತ್ತದೆ. ಆದ್ದರಿಂದ ಎರಡೇ ಪಿನ್ನಿನ ಪ್ಲಗ್ ಹಿಡಿದುಕೊಂಡು, ಪೆನ್ನಿನಿಂದ ಮುಚ್ಚಳ ಸರಿಸುವ ಸಾಹಸಕ್ಕೆ ಯಾರಾದರೂ ಹುರಿದುಂಬಿಸಿದರೆ ಕೇಳಬೇಡಿ. ಸಾಕೆಟ್ಟಿಗೆ ಬಹುಪಾಲು ಕಡೆ ಸ್ವಿಚ್ ಇರುತ್ತದೆ, ಹಾಕಲು ಮರೆಯಬೇಡಿ. ಸ್ನಾನದ ಮನೆಯಲ್ಲಿ ಕಾಣುವ ಎರಡು ತೂತಿನ ಸಾಕೆಟ್ ಶೇವರಿಗೆಂದು ಇರುವಂಥದ್ದು. ಅದು ತಡೆಯುವ ಶಕ್ತಿ ತೀರ ಕಡಿಮೆ.

ಕೆಲಸದ ಮೇಲೆ ಜ್ಯೂರಿಕ್‌ಗೆ ಹೋಗಿಬರುವವರು:
ಪ್ಯಾಕೆಟ್ಟಿನ ಮೇಲೆ ‘ಯುರೋಪ್’ ಎಂದು ಬರೆದದ್ದನ್ನು ನಂಬಿ ಸ್ವಿಟ್ಜರ್ಲೆಂಡಿಗೆ ಹೋಗಬೇಡಿ. ಜರ್ಮನಿ, ಫ್ರಾನ್ಸ್‌ಗಳ ದುಂಡು ದಪ್ಪ ಪ್ಲಗ್ಗಿನ ಪಿನ್ 4.8 ಮಿಲಿಮೀಟರ್. ಸ್ವಿಸ್ ಸಾಕೆಟ್, ಅಂದರೆ ಟೈಪ್ ಜೆ, 4 ಮಿಲಿಮೀಟರ್ ಪಿನ್ನಿನದು. ಅದೂ ಷಟ್ಕೋನದ ಕಿರಿದಾದ ತಗ್ಗಿನೊಳಗೆ. ದಪ್ಪ ಪ್ಲಗ್ ಅಲ್ಲಿ ಇಳಿಯುವುದೇ ಇಲ್ಲ. ಎರಡು ತೆಳು ಪಿನ್ನಿನ ಚಪ್ಪಟೆ ‘ಯುರೋಪ್ಲಗ್’, ಅಂದರೆ ಟೈಪ್ ಸಿ, ಸಲೀಸಾಗಿ ಕೂರುತ್ತದೆ. ಆದರೆ ಅದಕ್ಕೆ ಅರ್ಥಿಂಗ್ ಇಲ್ಲ, ಮಿತಿ 2.5 ಆಂಪಿಯರ್. ಎಲ್ಲ ದೇಶಗಳಿಗೂ ಆಗುವ ಡಬ್ಬಿಯಂಥ ಅಡಾಪ್ಟರಿನಲ್ಲಿ ಪಿನ್ ಸರಿಯಿದ್ದರೂ ಮೈ ಅಗಲವಾದರೆ ಈ ತಗ್ಗಿಗೆ ಹೋಗುವುದಿಲ್ಲ.

ಆ ಡಬ್ಬಿಗಳ ಬಗ್ಗೆ ನನಗೆ ಒಲವಿಲ್ಲ. ಭಾರಕ್ಕೆ ಗೋಡೆಯ ಸಾಕೆಟ್ಟಿನಿಂದ ಜೋತುಬೀಳುತ್ತವೆ, ಹಲವಕ್ಕೆ ಅರ್ಥಿಂಗ್ ಇರುವುದಿಲ್ಲ. ಲೋಹದ ಮೈಯ ಲ್ಯಾಪ್‌ಟಾಪನ್ನು ಅರ್ಥಿಂಗ್ ಇಲ್ಲದೆ ಚಾರ್ಜಿಗೆ ಹಾಕಿ ಮುಟ್ಟಿದಾಗ ಬೆರಳು ಜುಮ್ಮೆನ್ನುವುದು ಇದರಿಂದಲೇ. ನಾನು ಮಾಡುವುದು ಇಷ್ಟು: ನಾಲ್ಕು ಪೋರ್ಟಿನ ಒಂದು ಯುಎಸ್‌ಬಿ-ಸಿ ಚಾರ್ಜರ್, ಅದಕ್ಕೆ ಆಯಾ ದೇಶದ ಒಂದು ಚಿಕ್ಕ ಅಡಾಪ್ಟರ್. ಮೊಬೈಲ್, ಲ್ಯಾಪ್‌ಟಾಪ್, ಇಯರ್‌ಫೋನ್ ಎಲ್ಲವೂ ಅದರಿಂದಲೇ. ಲ್ಯಾಪ್‌ಟಾಪಿಗೆ ಹಳೆಯ ಬಗೆಯ ಇಟ್ಟಿಗೆ ಗಾತ್ರದ ಚಾರ್ಜರಿದ್ದರೆ ಗೋಡೆಯಿಂದ ಅದರವರೆಗಿನ ತಂತಿ ಕಳಚಿ ಬರುತ್ತದೆ. ಆ ತಂತಿಯನ್ನೇ ಆ ದೇಶದ ಪ್ಲಗ್ ಇರುವಂಥದ್ದಾಗಿ ಕೊಂಡರೆ ಅಡಾಪ್ಟರಿನ ಗೊಡವೆಯೇ ಇಲ್ಲ.

ಇನ್ನೊಬ್ಬರು:
ಹೋಟೆಲಿನಿಂದ ಹೊರಡುವಾಗ ಬಾಗಿಲ ಬಳಿಯ ಕಾರ್ಡ್ ತೆಗೆದರೆ ಎಷ್ಟೋ ಕಡೆ ಸಾಕೆಟ್ಟುಗಳೂ ಸತ್ತುಹೋಗುತ್ತವೆ. ಚಾರ್ಜಿಗೆ ಹಾಕಿ ಊರು ಸುತ್ತಿ ಬಂದವರಿಗೆ ಖಾಲಿ ಬ್ಯಾಟರಿಯೇ ಸಿಗುವುದು. ಯಾವ ಸಾಕೆಟ್ ಜೀವಂತವಾಗಿರುತ್ತದೆ ಎಂದು ಕೌಂಟರಿನಲ್ಲಿ ಕೇಳಿಕೊಳ್ಳಿ. ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಇಡಿ. ವಿಮಾನದ ಲಗೇಜಿಗೆ ಹಾಕುವಂತಿಲ್ಲ.

ಒಸಾಕಾದಲ್ಲಿ ನೆಲೆಸಿರುವವರು:
ಜಪಾನಿನದು ಎರಡು ಚಪ್ಪಟೆ ಪಿನ್, ಟೈಪ್ ಎ. ಅಮೆರಿಕದ ಪ್ಲಗ್ಗಿನಂತೆಯೇ ಕಂಡರೂ, ಅಮೆರಿಕದ ಮೂರನೆಯ ದುಂಡು ಪಿನ್ನಿಗೆ ಇಲ್ಲಿ ಹೆಚ್ಚಿನ ಗೋಡೆಗಳಲ್ಲಿ ತೂತೇ ಇಲ್ಲ. ಒಂದು ಪಿನ್ ಇನ್ನೊಂದಕ್ಕಿಂತ ಅಗಲವಾಗಿರುವ ಪ್ಲಗ್ ಕೂಡ ಹಳೆಯ ಸಾಕೆಟ್ಟಿಗೆ ಹೋಗದೆ ಇರಬಹುದು. ಎರಡೂ ಸಮ ಅಗಲವಿರುವ ಅಡಾಪ್ಟರ್ ನೋಡಿ ತನ್ನಿ.

ಆವರ್ತನದ, ಅಂದರೆ ವಿದ್ಯುತ್ತು ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬುದರ ಕಥೆ ನಿಮಗೆ ಬೇಕಾಗುವುದಿಲ್ಲ, ಆದರೂ ಹೇಳದೆ ಇರಲಾರೆ. ಟೋಕಿಯೊ ಕಡೆ 50 ಹರ್ಟ್ಸ್, ಒಸಾಕಾ ಕಡೆ 60. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಟೋಕಿಯೊ ಜರ್ಮನಿಯ ಜನರೇಟರ್ ತರಿಸಿತು, ಒಸಾಕಾ ಅಮೆರಿಕದ್ದನ್ನು. ಅಂದಿನಿಂದ ಒಂದೇ ದೇಶದಲ್ಲಿ ಎರಡು ಬಗೆಯ ವಿದ್ಯುತ್ತು. 2011ರ ಭೂಕಂಪದ ನಂತರ ಪೂರ್ವದಲ್ಲಿ ವಿದ್ಯುತ್ ಸಾಲದಾದಾಗ ಪಶ್ಚಿಮದಿಂದ ಬೇಕಾದಷ್ಟು ಹರಿಸಲು ಆಗದಿದ್ದುದಕ್ಕೆ ಇದೂ ಕಾರಣ. ಚಾರ್ಜರಿಗೆ ಇದರ ಪರಿವೆಯಿಲ್ಲ.

ಇಲ್ಲಿಂದ ಅನ್ನದ ಕುಕ್ಕರ್ ಕೊಂಡೊಯ್ಯುವ ಆಸೆಯಿದ್ದರೆ ಸಾಮಾನ್ಯ ಅಂಗಡಿಯ 100 ವೋಲ್ಟಿನದನ್ನು ಮುಟ್ಟಬೇಡಿ. ಪ್ರವಾಸಿಗರಿಗೆಂದೇ 220 ವೋಲ್ಟಿನ ಆಸುಪಾಸಿನ ಮಾದರಿಗಳು ಬೇರೆ ಸಿಗುತ್ತವೆ.

ಕೇಳಿದವರು:
ಎಲ್ಲವನ್ನೂ ತಿರುಗಿಸಿ ನೋಡಿದೆ. ಡ್ರೈಯರ್ 220–240 ಮಾತ್ರ, ಅದು ಮನೆಯಲ್ಲೇ ಉಳಿಯುತ್ತದೆ. ಲ್ಯಾಪ್‌ಟಾಪ್, ಮೊಬೈಲ್, ಸಿಪ್ಯಾಪ್ ಮೂರೂ 100–240. ಸಿಪ್ಯಾಪ್‌ಗೆ ಅಡಾಪ್ಟರ್ ಬಳಸಿದರೆ ತೊಂದರೆಯಿಲ್ಲವೇ? ಅದು ರಾತ್ರಿಯಿಡೀ ನಡೆಯಬೇಕು.

ಉಪಕರಣಗಳ ರಿಪೇರಿ ಮಾಡುವವರು:
ತೊಂದರೆಯಿಲ್ಲ, ಅದು ಎಳೆಯುವುದು ಸಾಮಾನ್ಯವಾಗಿ ನೂರು ವ್ಯಾಟಿಗೂ ಕಡಿಮೆ. ಆದರೆ ಅದಕ್ಕೊಂದು ಪ್ರತ್ಯೇಕ ಅಡಾಪ್ಟರ್ ಇರಲಿ, ಮೊಬೈಲಿನೊಂದಿಗೆ ಹಂಚಿಕೊಳ್ಳಬೇಡಿ. ಸಡಿಲವಾಗಿ ಅಲುಗಾಡುವಂಥದ್ದು ಬೇಡ. ಸಾಕೆಟ್ ಮಂಚದ ಪಕ್ಕದಲ್ಲೇ ಇರುತ್ತದೆಂಬ ಭರವಸೆಯಿಲ್ಲ. 250 ವೋಲ್ಟ್ ತಡೆಯುವ, ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ಹಠಾತ್ತನೆ ಏರಿದರೆ ತಡೆಯುವ ಭಾಗ) ಇಲ್ಲದ ಸಾದಾ ಎಕ್ಸ್‌ಟೆನ್ಷನ್ ತಂತಿ ಜೊತೆಗಿಟ್ಟುಕೊಳ್ಳಿ. ಯಂತ್ರವನ್ನು ಲಗೇಜಿಗೆ ಹಾಕದೆ ವಿಮಾನದೊಳಗೇ ಒಯ್ಯಿರಿ. ವೈದ್ಯರ ಚೀಟಿ ಜೊತೆಗಿದ್ದರೆ ತಪಾಸಣೆಯಲ್ಲಿ ವಿವರಿಸುವ ಶ್ರಮ ತಪ್ಪುತ್ತದೆ.